ಡಿಕಾಕ್ಷನ್ ಮನೆಗೆ ಯಾವ ಕಾಫಿ ಪುಸ್ತಕ?

ಬೆಂಗಳೂರಿನ ಪುಸ್ತಕದಂಗಡಿಯಲ್ಲಿ ಕಾಫಿಯ ಬಗ್ಗೆ ಏನಿದೆ ಎಂದು ಕೇಳಿದರೆ ಮೊದಲು ಅಡುಗೆಯ ಕಪಾಟು ತೋರಿಸುತ್ತಾರೆ. ಅಲ್ಲಿಲ್ಲದ್ದು ಇತಿಹಾಸದ ಕಪಾಟಿನಲ್ಲಿರುತ್ತದೆ, ಅಲ್ಲೂ ಇಲ್ಲದ್ದು ವ್ಯಾಪಾರದ ಪುಸ್ತಕಗಳ ನಡುವೆ ಸೇರಿಕೊಂಡಿರುತ್ತದೆ. ಕಾಫಿ ಮಾಡುವುದನ್ನು ಕಲಿಸುವುದು ಒಂದು ಬಗೆ, ಕಾಫಿ ಎಲ್ಲಿಂದ ಬಂತು ಎಂದು ಹೇಳುವುದು ಇನ್ನೊಂದು ಬಗೆ, ಕಾಫಿ ಮಾರುವವರಿಗೆ ಬರೆದದ್ದು ಮತ್ತೊಂದು. ಯಾವುದು ಬೇಕು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗದಿದ್ದರೆ ಚೆಂದದ ಮುಖಪುಟ ನೋಡಿ ಯಾವುದೋ ಒಂದನ್ನು ತಂದು ಟೀಪಾಯಿಯ ಮೇಲೆ ಇಡುವುದೇ ಆಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇಂಗ್ಲಿಷಿನಲ್ಲಿ ಬಂದಿರುವ ಒಳ್ಳೆಯ ಕಾಫಿ ಪುಸ್ತಕಗಳಲ್ಲಿ ಬಹುಪಾಲು ಬರೆದಿರುವುದು ಹಾಲು, ಸಕ್ಕರೆ, ಚಿಕೋರಿ (ಕಾಫಿಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿ) ಮೂರೂ ಇಲ್ಲದ ಕಾಫಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಳು ತಿಳಿಯಾಗಿ ಹುರಿದಿರಬೇಕು, ನೀರು ಧಾರಾಳವಾಗಿರಬೇಕು, ಒಂದು ಮಗ್ಗು ನಿಧಾನವಾಗಿ ಕುಡಿಯಬೇಕು. ನಮ್ಮದು ಕಪ್ಪಗೆ ಹುರಿದ ಪುಡಿ, ಗಟ್ಟಿ ಡಿಕಾಕ್ಷನ್, ಅದರ ಎರಡರಷ್ಟೋ ಮೂರರಷ್ಟೋ ಹಾಲು. ಅವರ ಲೆಕ್ಕವನ್ನು ಇದ್ದ ಹಾಗೇ ತಂದು ನಮ್ಮ ಫಿಲ್ಟರಿಗೆ ಸುರಿದರೆ ಬರುವುದು ಕಂದು ಬಣ್ಣದ ನೀರು. ಪುಸ್ತಕ ಕೆಟ್ಟದ್ದು ಎಂದಲ್ಲ. ಲೆಕ್ಕ ಬದಲಾಯಿಸಿಕೊಳ್ಳಬೇಕು, ಅಷ್ಟೆ. ಹೇಗೆ ಎನ್ನುವುದು ಮುಂದೆ ಇದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ

ಪುಸ್ತಕದ ಕೊನೆಯ ಪದಸೂಚಿ ತೆಗೆದು ಮೂರು ಪದ ಹುಡುಕಿ: ಇಂಡಿಯಾ, ರೊಬಸ್ಟಾ, ಚಿಕೋರಿ. ಕಾಫಿ ಗಿಡದಲ್ಲಿ ಅರೇಬಿಕಾ, ರೊಬಸ್ಟಾ ಎಂದು ಎರಡು ಮುಖ್ಯ ಜಾತಿ; ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ರೊಬಸ್ಟಾ. ನಮ್ಮ ಅಂಗಡಿಗಳ ಮಿಶ್ರಣಗಳಲ್ಲಿ ಅದಕ್ಕೆ ದೊಡ್ಡ ಜಾಗವಿದೆ, ಲೋಟದ ಮೇಲಿನ ನೊರೆಗೂ ಗಟ್ಟಿತನಕ್ಕೂ ಅದೇ ಆಧಾರ. ರೊಬಸ್ಟಾಗೆ ಒಂದೇ ಪ್ಯಾರಾ, ಅದೂ ಬರೀ ದೂರು ಎಂದಾದರೆ ಆ ಪುಸ್ತಕದ ರುಚಿಯ ಅಧ್ಯಾಯಗಳು ನಮ್ಮ ಮನೆಗೆ ಅಷ್ಟಾಗಿ ಒದಗುವುದಿಲ್ಲ. ಚಿಕೋರಿಯನ್ನು ಕಲಬೆರಕೆ ಎಂದಷ್ಟೇ ಬರೆದಿದ್ದರೂ ಹಾಗೆಯೇ. ಇನ್ನು ಅಳತೆ: ಗ್ರಾಂ, ಮಿಲಿಲೀಟರ್, ನಿಮಿಷಗಳಲ್ಲಿ ಇದೆಯೋ, ಚಮಚ, ಕಪ್ಪುಗಳಲ್ಲಿ ಇದೆಯೋ ನೋಡಿ. ಚಮಚದಲ್ಲಿ ಹೇಳುವ ಪುಸ್ತಕವನ್ನು ಅಲ್ಲೇ ಇಟ್ಟು ಬನ್ನಿ. ಹುರಿದ ಬಣ್ಣ, ಪುಡಿಯ ನುಣುಪು ಬದಲಾದ ಹಾಗೆ ಅದೇ ಚಮಚದ ತೂಕವೂ ಬದಲಾಗುತ್ತದೆ.

ಮಾಡುವುದನ್ನು ಕಲಿಸುವ ಪುಸ್ತಕಗಳು

ಇಲ್ಲಿ ಮುಖ್ಯ ಸ್ಪರ್ಧೆ ಮೂರರ ನಡುವೆ. ಎರಡು ಪುಸ್ತಕ ಒಬ್ಬನೇ ಲೇಖಕನದು: ಲಂಡನ್ನಿನಲ್ಲಿ ಕಾಫಿ ಹುರಿಯುವ ಉದ್ಯಮ ನಡೆಸುವ, 2007ರ ವಿಶ್ವ ಬರಿಸ್ಟಾ ಚಾಂಪಿಯನ್ ಜೇಮ್ಸ್ ಹಾಫ್‌ಮನ್.

ಮೊದಲನೆಯದು 'ದ ವರ್ಲ್ಡ್ ಅಟ್ಲಾಸ್ ಆಫ್ ಕಾಫಿ', 2014ರದು. 2018ರಲ್ಲಿ ಹಿಗ್ಗಿಸಿದ ಎರಡನೇ ಆವೃತ್ತಿ ಬಂತು. ಮೂರು ಭಾಗ ಇವೆ. ಗಿಡ ಮತ್ತು ಸಂಸ್ಕರಣೆ ಒಂದು, ಹುರಿಯುವುದರಿಂದ ಲೋಟದವರೆಗೆ ಇನ್ನೊಂದು, ಉಳಿದದ್ದು ದೇಶದೇಶಗಳ ನಕ್ಷೆ ಮತ್ತು ವಿವರ. ಭಾರತಕ್ಕೂ ಜಾಗವಿದೆ. ಉಡುಗೊರೆ ಕೊಡಲು ಇದಕ್ಕಿಂತ ಸುಲಭದ ಆಯ್ಕೆ ಇಲ್ಲ: ಯಾವ ಪುಟ ತೆರೆದರೂ ಓದಬಹುದು, ಚಿತ್ರ ಚೆನ್ನಾಗಿವೆ. ಆದರೆ ದಿನದ ಕಾಫಿ ಸುಧಾರಿಸಬೇಕು ಎನ್ನುವವರಿಗೆ ಅರ್ಧಕ್ಕಿಂತ ಹೆಚ್ಚು ಪುಸ್ತಕ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು 2022ರ 'ಹೌ ಟು ಮೇಕ್ ದ ಬೆಸ್ಟ್ ಕಾಫಿ ಅಟ್ ಹೋಮ್'. ನಕ್ಷೆಗಳಿಲ್ಲ, ಅಡುಗೆಮನೆಯ ಕೆಲಸ ಮಾತ್ರ: ಕಾಳು ಕೊಳ್ಳುವುದು, ನೀರು, ಗ್ರೈಂಡರ್, ಫ್ರೆಂಚ್ ಪ್ರೆಸ್, ಕಾಗದದ ಫಿಲ್ಟರ್, ಮೋಕಾ ಪಾಟ್, ಎಸ್ಪ್ರೆಸೊ. ರುಚಿ ಕೆಟ್ಟಾಗ ಯಾವುದನ್ನು ಬದಲಾಯಿಸಬೇಕು ಎಂಬ ಯೋಚನೆಯ ಕ್ರಮವೇ ಇದರ ಲಾಭ. ಹುಳಿ ಚುರುಕಾಗಿ, ತೆಳ್ಳಗೆ ಇದ್ದರೆ ಪುಡಿಯಿಂದ ಸಾಕಷ್ಟು ಇಳಿದಿಲ್ಲ, ಇನ್ನಷ್ಟು ನುಣ್ಣಗೆ ಬೀಸಿ. ನಾಲಿಗೆ ಒಣಗಿಸುವ ಕಹಿ ಇದ್ದರೆ ಹೆಚ್ಚು ಇಳಿದಿದೆ, ತರಿಯಾಗಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಈ ಮೂರು ಮಾತು ಹಿತ್ತಾಳೆ ಫಿಲ್ಟರಿಗೂ ಸಲ್ಲುತ್ತವೆ. ಮನೆಯಲ್ಲಿ ಒಂದೇ ಪುಸ್ತಕ ಸಾಕು, ಕುಡಿಯುವ ಕಾಫಿ ಚೆನ್ನಾಗಾಗಬೇಕು ಎನ್ನುವವರಿಗೆ ಅಟ್ಲಾಸ್ ಅಲ್ಲ, ಇದು.

ಮೂರನೆಯದರ ಹೆಸರು ನೋಡಿ ಮೋಸ ಹೋಗುವವರೇ ಹೆಚ್ಚು. 'ದ ಫಿಸಿಕ್ಸ್ ಆಫ್ ಫಿಲ್ಟರ್ ಕಾಫಿ'. ಬರೆದವರು ಜೊನಾಥನ್ ಗಾನ್ಯೆ, ಕೆನಡಾದ ಖಗೋಳ ಭೌತವಿಜ್ಞಾನಿ. ಫಿಲ್ಟರ್ ಕಾಫಿ ಎಂದರೆ ಬಸವನಗುಡಿಯಲ್ಲಿ ಒಂದು ಅರ್ಥ, ಮಾಂಟ್ರಿಯಲ್‌ನಲ್ಲಿ ಇನ್ನೊಂದು: ಅಲ್ಲಿ ಅದು ಕಾಗದದ ಮೇಲೆ ಕೈಯಿಂದ ನೀರು ಸುರಿದು ಮಾಡುವ ಕಾಫಿ. ಪುಡಿಯ ಕಣಗಳ ನಡುವೆ ನೀರು ಹೇಗೆ ದಾರಿ ಮಾಡಿಕೊಳ್ಳುತ್ತದೆ, ಅತಿ ಸಣ್ಣ ಕಣಗಳು ಕಾಗದವನ್ನು ಹೇಗೆ ಕಟ್ಟಿಹಾಕುತ್ತವೆ, ನೀರಿನಲ್ಲಿರುವ ಖನಿಜಗಳು ಏನು ಮಾಡುತ್ತವೆ ಎಂಬುದೆಲ್ಲ ಸಮೀಕರಣ, ನಕ್ಷೆಗಳ ಸಮೇತ ಇದೆ. 0.1 ಗ್ರಾಂ ತೋರಿಸುವ ತಕ್ಕಡಿ, ಉದ್ದ ಕೊಕ್ಕಿನ ಕೆಟಲ್, ಒಳ್ಳೆಯ ಗ್ರೈಂಡರ್ ಈಗಾಗಲೇ ಇದ್ದು, ಪ್ಲಸ್ ಟು ಭೌತಶಾಸ್ತ್ರ ಮರೆತಿಲ್ಲದವರಿಗೆ ಹಬ್ಬ. ಉಳಿದವರಿಗೆ ಮೂವತ್ತನೇ ಪುಟ ದಾಟುವುದೂ ಕಷ್ಟ.

ಲೆಕ್ಕ ಬದಲಾಯಿಸಿಕೊಳ್ಳುವ ಬಗೆ

ಈ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಅಂಕಿ ಲೀಟರ್ ನೀರಿಗೆ 60 ಗ್ರಾಂ ಪುಡಿ. ಅಂದರೆ 250 ಮಿಲಿಲೀಟರಿಗೆ 15 ಗ್ರಾಂ. ನಮ್ಮ ಫಿಲ್ಟರಿನಲ್ಲಿ ಅದೇ 150 ಮಿಲಿಲೀಟರ್ ನೀರಿಗೆ 30 ಗ್ರಾಂ, ಒಂದಕ್ಕೆ ಐದು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಳಗೆ ಇಳಿಯುವುದು 90 ಮಿಲಿಲೀಟರ್ ಆಸುಪಾಸು, ಮೂರು ಸಣ್ಣ ಲೋಟಕ್ಕೆ ಸಾಕು. 150 ಹಾಕಿದೆ, 150 ಬರಲಿಲ್ಲ ಎಂದು ಎರಡನೇ ಸಲ ನೀರು ಸುರಿಯುವವರು ಡಿಕಾಕ್ಷನ್ ಹೆಚ್ಚಿಸಿಕೊಳ್ಳುವುದಿಲ್ಲ, ಕಹಿ ಮತ್ತು ಚರಟದ ವಾಸನೆ ಇಳಿಸಿಕೊಳ್ಳುತ್ತಾರೆ.

ಪುಸ್ತಕ ಹೇಳುವ ಇನ್ನೊಂದು ಅಂಕಿ, ಪುಡಿಯ ತೂಕದಲ್ಲಿ 18ರಿಂದ 22 ಶೇಕಡ ನೀರಿಗೆ ಇಳಿಯಬೇಕು ಎನ್ನುವುದು. ಇದರ ಜೊತೆಗೆ ಬರುವ ನಕ್ಷೆಯಲ್ಲಿ ಲೋಟದ ಕಾಫಿಯ ಗಟ್ಟಿತನ 1.15ರಿಂದ 1.45 ಶೇಕಡದ ಒಳಗೆ ಇರುತ್ತದೆ. ನಮ್ಮ ಡಿಕಾಕ್ಷನ್ ಅದಕ್ಕಿಂತ ಹಲವು ಪಟ್ಟು ಗಟ್ಟಿ. ಆ ನಕ್ಷೆಯ ಮೇಲೆ ಹುಡುಕಿದರೆ ಕಾಗದದ ಆಚೆ ಗೋಡೆಯ ಮೇಲೆಲ್ಲೋ ಬೀಳುತ್ತದೆ. ಆದ್ದರಿಂದ ಗಟ್ಟಿತನದ ಪಟ್ಟಿಯನ್ನು ಬಿಟ್ಟುಬಿಡಿ, ಇಳಿಯುವ ಪ್ರಮಾಣದ ಮಾತನ್ನು ಮಾತ್ರ ಇಟ್ಟುಕೊಳ್ಳಿ.

ಬೀಸುವ ಹದವನ್ನು ಪುಸ್ತಕಗಳು ಸಮುದ್ರದ ಉಪ್ಪು, ಮರಳು ಎಂದೆಲ್ಲ ಹೇಳುತ್ತವೆ. ನಮಗೆ ರವೆ ಸುಲಭ. ಫ್ರೆಂಚ್ ಪ್ರೆಸ್ಸಿಗೆ ಇಡ್ಲಿ ರವೆ. ಕಾಗದದ ಫಿಲ್ಟರಿಗೆ ಉಪ್ಪಿಟ್ಟಿನ ಮಧ್ಯಮ ರವೆ. ನಮ್ಮ ಫಿಲ್ಟರಿಗೆ ಚಿರೋಟಿ ರವೆಗಿಂತ ತುಸು ನುಣುಪು, ಆದರೆ ಬೆರಳಿಗೆ ಕಾಳು ಕಾಳಾಗಿ ಸಿಗಬೇಕು. ಮೈದಾದ ಹಾಗಾದರೆ ತೂತುಗಳು ಕಟ್ಟಿಕೊಳ್ಳುತ್ತವೆ.

ಚಿಕೋರಿ ಇರುವ ಪುಡಿಯಲ್ಲಿ ಪುಸ್ತಕದ ಪ್ರಯೋಗ ಮಾಡಬೇಡಿ. 70-30 ಪುಡಿ 30 ಗ್ರಾಂ ತೂಗಿದರೆ ಅದರಲ್ಲಿ ಕಾಫಿ 21 ಗ್ರಾಂ ಮಾತ್ರ. ಚಿಕೋರಿ ಕಾಫಿಗಿಂತ ಬಹಳ ಹೆಚ್ಚು ಕರಗುತ್ತದೆ, ಮೇಲಾಗಿ ನೀರು ಕುಡಿದು ಊದುತ್ತದೆ. ಕಾಗದದ ಫಿಲ್ಟರಿಗೆ ಹಾಕಿದರೆ ಕೆಸರಿನ ಹಾಗೆ ಕೂತು ನೀರು ಇಳಿಯುವುದೇ ನಿಲ್ಲುತ್ತದೆ, ನಿಂತ ನೀರಿನಲ್ಲಿ ಕಹಿ ಏರುತ್ತದೆ. ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು, ಅದನ್ನು ಓದಿ. ಪ್ರಯೋಗಕ್ಕೆಂದು ಪುಡಿ ಅಂಗಡಿಯಲ್ಲಿ ಪ್ಲಾಂಟೇಷನ್ ಎ ಅಥವಾ ಪೀಬೆರಿ 200 ಗ್ರಾಂ, ಚಿಕೋರಿ ಇಲ್ಲದೆ, ಸ್ವಲ್ಪ ತರಿಯಾಗಿ ಎಂದು ಹೇಳಿ ಬೇರೆಯಾಗಿ ಬೀಸಿಸಿಕೊಳ್ಳಿ.

ಅಂಗಡಿಯ ಮಾತು, ಪುಸ್ತಕದ ಮಾತು ಎರಡೂ ಬೇರೆ ಬೇರೆ ಎನ್ನುವುದೂ ಗೊತ್ತಿರಲಿ. ಪುಸ್ತಕದ 'ವಾಷ್ಡ್' ಅರೇಬಿಕಾ ಎಂದರೆ ನಮ್ಮ ಪ್ಲಾಂಟೇಷನ್. 'ನ್ಯಾಚುರಲ್' ಎಂದರೆ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದ ಚೆರಿ. ತೊಳೆದು ಸಂಸ್ಕರಿಸಿದ ರೊಬಸ್ಟಾಗೆ ನಮ್ಮಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಾರೆ. ಪೀಬೆರಿ ತಳಿಯಲ್ಲ, ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದದ್ದು. ಇದನ್ನು ತಪ್ಪಾಗಿ ಬರೆದ ಪುಸ್ತಕ ಸಿಕ್ಕರೆ ಉಳಿದ ಪುಟಗಳ ಮೇಲೂ ಸಂಶಯ ಇಟ್ಟುಕೊಳ್ಳಿ.

ಇನ್ನು ನೀರು. ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ ಎಂದು ಹಲವು ಪುಸ್ತಕಗಳು ಹೇಳುವುದು ಸಮುದ್ರಮಟ್ಟದ ಊರುಗಳಿಗೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕಾಯುವ ಅಗತ್ಯ ಇಲ್ಲ, ಒಲೆಯಿಂದ ನೇರ ಸುರಿಯಬಹುದು. ಬೋರ್‌ವೆಲ್ ನೀರಿನಲ್ಲಿ ಗಡಸುತನ ಹೆಚ್ಚು. ಅದರ ಬೈಕಾರ್ಬನೇಟು ಕಾಫಿಯ ಹುಳಿಯನ್ನು ನುಂಗಿ ರುಚಿ ಸಪ್ಪೆ ಮಾಡುತ್ತದೆ, ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಆರ್‌ಒ ನೀರಿನಲ್ಲಿ ಖನಿಜ ಬಹಳ ಕಡಿಮೆ, ಅದೂ ಸಪ್ಪೆಯೇ, ಬೇರೆ ಥರದ ಸಪ್ಪೆ. ಕಾವೇರಿ ನೀರನ್ನು ಸೋಸಿ ಕುದಿಸಿದರೆ ಸಾಕು. ಕಪ್ಪಗೆ ಹುರಿದು ಹಾಲು ಬೆರೆಸುವ ಕಾಫಿಯಲ್ಲಿ ಈ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಹಾಲಿಲ್ಲದೆ ಕುಡಿಯಲು ಹೊರಟ ದಿನ ಗೊತ್ತಾಗುತ್ತದೆ.

ಪುಸ್ತಕದಿಂದ ಎರವಲು ತಂದು ನಮ್ಮ ಫಿಲ್ಟರಿಗೆ ಹೊಂದಿಸಿದ ಕ್ರಮ ಹೀಗಿದೆ. ಮೇಲಿನ ಪಾತ್ರೆಗೆ 30 ಗ್ರಾಂ ಪುಡಿ ಹಾಕಿ, ತಟ್ಟಿ ಮಟ್ಟ ಮಾಡಿ, ಕಡ್ಡಿ ಇರುವ ಬಿಲ್ಲೆಯನ್ನು ಭಾರ ಹಾಕದೆ ಸುಮ್ಮನೆ ಕೂರಿಸಿ. ಮೊದಲು 40 ಮಿಲಿಲೀಟರ್ ಕುದಿನೀರು ಸುತ್ತಲೂ ಸುರಿದು 30-40 ಸೆಕೆಂಡು ಬಿಡಿ. ಹೊಸದಾಗಿ ಹುರಿದ ಪುಡಿಯಾದರೆ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಆ ಗಾಳಿ ಹೋಗದೆ ಉಳಿದರೆ ನೀರು ಕಣಗಳ ಒಳಕ್ಕೆ ಇಳಿಯುವುದಿಲ್ಲ. ವಾರ ಹಳೆಯ ಪುಡಿಯಲ್ಲಿ ಗುಳ್ಳೆ ಕಾಣದಿದ್ದರೆ ಗಾಬರಿ ಬೇಡ. ಆಮೇಲೆ ಉಳಿದ 110 ಸುರಿದು ಮುಚ್ಚಿ. 15ರಿಂದ 20 ನಿಮಿಷದಲ್ಲಿ ಮುಗಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ತರಿ, ಇಲ್ಲವೇ ದೊಡ್ಡ ಫಿಲ್ಟರಿಗೆ ಪುಡಿ ಕಡಿಮೆಯಾಗಿ ಪದರ ತೆಳುವಾಗಿದೆ. ಮುಕ್ಕಾಲು ಗಂಟೆಯಾದರೂ ತೊಟ್ಟಿಕ್ಕುತ್ತಲೇ ಇದ್ದರೆ ಪುಡಿ ಅತಿ ನುಣುಪು, ಅಥವಾ ಬಿಲ್ಲೆಯನ್ನು ಒತ್ತಿದ್ದೀರಿ, ಅಥವಾ ಹಳೇ ಚರಟ ತೂತಿನಲ್ಲಿ ಸಿಕ್ಕಿದೆ. ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಿದ್ದರೆ ಗ್ಯಾಸ್ ಉರಿಯ ಮೇಲೆ ಖಾಲಿ ಪಾತ್ರೆ ಒಂದು ನಿಮಿಷ ಹಿಡಿದು, ಆರಿದ ಮೇಲೆ ಬ್ರಷ್ಷಿನಲ್ಲಿ ತಟ್ಟಿ.

ಇತಿಹಾಸ ಓದುವವರಿಗೆ

ಬಾಬಾ ಬುಡನ್ ಏಳು ಬೀಜ ತಂದ ಕತೆ ಪ್ರತಿ ಕಾಫಿ ಪುಸ್ತಕದಲ್ಲೂ ಒಂದು ಪ್ಯಾರಾ ಇರುತ್ತದೆ. ಅದಕ್ಕಾಗಿ ಪುಸ್ತಕ ಕೊಳ್ಳಬೇಕಿಲ್ಲ. ಆಮೇಲೆ ಏನಾಯಿತು ಎನ್ನುವುದಕ್ಕೆ ಕೊಳ್ಳಬೇಕು.

ಜಗತ್ತಿನ ವ್ಯಾಪಾರದ ಪೂರ್ತಿ ಕತೆಗೆ ಮಾರ್ಕ್ ಪೆಂಡರ್‌ಗ್ರಾಸ್ಟ್ ಅವರ 'ಅನ್‌ಕಾಮನ್ ಗ್ರೌಂಡ್ಸ್', 1999ರದು, 2010ರಲ್ಲಿ ಪರಿಷ್ಕೃತವಾಯಿತು. ದಪ್ಪ ಪುಸ್ತಕ, ಓಟ ಚೆನ್ನಾಗಿದೆ, ಆದರೆ ಗಮನವೆಲ್ಲ ಲ್ಯಾಟಿನ್ ಅಮೆರಿಕ ಮತ್ತು ಅಮೆರಿಕದ ಕಂಪನಿಗಳ ಮೇಲೆ. ಆಗಸ್ಟೀನ್ ಸೆಜ್‌ವಿಕ್ ಅವರ 2020ರ 'ಕಾಫಿಲ್ಯಾಂಡ್' ಅದಕ್ಕಿಂತ ಇಕ್ಕಟ್ಟಾದ, ಅದಕ್ಕೇ ಹೆಚ್ಚು ಆಳವಾದ ಪುಸ್ತಕ: ಮ್ಯಾಂಚೆಸ್ಟರ್‌ನಿಂದ ಎಲ್ ಸಾಲ್ವಡಾರ್‌ಗೆ ಹೋಗಿ ತೋಟದೊಡೆಯನಾದ ಜೇಮ್ಸ್ ಹಿಲ್ ಎಂಬವನ ಮೂಲಕ ಕೂಲಿ, ಹಸಿವು, ದುಡಿಮೆಯ ಲೆಕ್ಕವನ್ನು ಬಿಡಿಸುತ್ತದೆ. ಲೈನ್‌ಮನೆಗಳನ್ನು ನೋಡಿ ಬೆಳೆದ ಮಲೆನಾಡು, ಕೊಡಗಿನ ಓದುಗರಿಗೆ ಎಲ್ ಸಾಲ್ವಡಾರ್ ಅಷ್ಟೇನೂ ದೂರ ಎನಿಸುವುದಿಲ್ಲ. ಎರಡರಲ್ಲಿ ಒಂದೇ ಎಂದರೆ ಇದು.

ಆದರೆ ನಮ್ಮ ಲೋಟಕ್ಕೆ ಹತ್ತಿರದ್ದು ಎ. ಆರ್. ವೆಂಕಟಾಚಲಪತಿ ಅವರ 'ಇನ್ ದೋಸ್ ಡೇಸ್ ದೇರ್ ವಾಸ್ ನೋ ಕಾಫಿ', 2006. ಇಡೀ ಪುಸ್ತಕ ಕಾಫಿಯದ್ದಲ್ಲ, ತಮಿಳುನಾಡಿನ ಸಾಂಸ್ಕೃತಿಕ ಇತಿಹಾಸದ ಪ್ರಬಂಧಗಳು. ಶೀರ್ಷಿಕೆಯ ಪ್ರಬಂಧ ಮಾತ್ರ ಕಾಫಿಯದು. ಆ ಒಂದು ಪ್ರಬಂಧದಲ್ಲಿ ಕಾಫಿ ಯಾರ ಮನೆಗೆ ಮೊದಲು ಬಂತು, ಯಾವ ಜಾತಿ ವರ್ಗದ ಗುರುತಾಯಿತು, ಚಹಾ ಯಾರ ಪಾಲಿಗೆ ಹೋಯಿತು ಎಂಬುದಿದೆ. ಇದೇ ಮಾತನ್ನು ಹಳೇ ಮೈಸೂರು ಸೀಮೆಯ ಬಗ್ಗೆ ಇಷ್ಟೇ ಬಿಗಿಯಾಗಿ ಕನ್ನಡದಲ್ಲಿ ಯಾರಾದರೂ ಬರೆದರೆ ಸಾಲಿನಲ್ಲಿ ನಿಂತು ಕೊಳ್ಳಬಹುದು.

ಪುಕ್ಕಟೆ ಸಿಗುವವು ಎರಡು, ಎರಡಕ್ಕೂ ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು. ರಾಬರ್ಟ್ ಎಲಿಯಟ್ ಎಂಬ ತೋಟಗಾರ 1894ರಲ್ಲಿ ಬರೆದ 'ಗೋಲ್ಡ್, ಸ್ಪೋರ್ಟ್ ಆಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಮಂಜರಾಬಾದ್ ಕಡೆಯ ತೋಟದ ಅನುಭವ. ನೆರಳಿನ ಮರ, ಗೊಬ್ಬರದ ಬಗ್ಗೆ ಬರೆದ ಭಾಗಗಳು ಇವತ್ತಿಗೂ ಓದಿಸಿಕೊಳ್ಳುತ್ತವೆ; ಬೇಟೆಯ ಅಧ್ಯಾಯಗಳನ್ನೂ ದೊರೆತನದ ಧಾಟಿಯನ್ನೂ ಸಹಿಸಿಕೊಳ್ಳಬೇಕು. ವಿಲಿಯಂ ಯೂಕರ್ಸ್ ಅವರ 1922ರ 'ಆಲ್ ಅಬೌಟ್ ಕಾಫಿ' 800 ಪುಟದ ಹತ್ತಿರದ ಗ್ರಂಥ. ಮೊದಲಿಂದ ಕೊನೆಯವರೆಗೆ ಓದುವ ಸಾಹಸ ಬೇಡ, ಬೇಕಾದ ವಿಷಯ ಹುಡುಕಿ ಓದಲು ಇಟ್ಟುಕೊಳ್ಳಿ.

ಕತೆ ಬೇಕು ಎನ್ನುವವರಿಗೆ

ಡೇವ್ ಎಗರ್ಸ್ ಅವರ 'ದ ಮಾಂಕ್ ಆಫ್ ಮೋಖಾ', 2018. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದ ಯೆಮೆನಿ ಯುವಕ ಮುಖ್ತಾರ್ ಅಲ್‌ಖನ್‌ಶಾಲಿ ಯೆಮೆನಿನ ಕಾಫಿಯನ್ನು ಮತ್ತೆ ಜಗತ್ತಿಗೆ ಮಾರಲು ಹೊರಟು 2015ರ ಯುದ್ಧದ ನಡುವೆ ಸಿಕ್ಕಿಕೊಂಡ ನಿಜಕತೆ. ರಾತ್ರಿ ಹಿಡಿದರೆ ಬೆಳಗಿನ ಕಾಫಿಗೆ ಮುಗಿಯುತ್ತದೆ. ನಮ್ಮ ಚಂದ್ರದ್ರೋಣ ಬೆಟ್ಟಕ್ಕೆ ಬೀಜ ಬಂದ ನಾಡು ಅದೇ ಎನ್ನುವ ನೆನಪಿನೊಂದಿಗೆ ಓದಿದರೆ ಇನ್ನೂ ಹಿಡಿಸುತ್ತದೆ.

ಕನ್ನಡದಲ್ಲಿ ಕಾಫಿ ಸೀಮೆ ಎಂದ ಕೂಡಲೇ ಮೂಡಿಗೆರೆಯಲ್ಲಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿ ನೆನಪಾಗುತ್ತಾರೆ. ಕಾಫಿಯ ಮಾಹಿತಿಗಾಗಿ ಅವರ ಕಾದಂಬರಿ ಕೊಂಡರೆ ನಿರಾಸೆ ಖಂಡಿತ: 'ಕರ್ವಾಲೊ' ಹಾರುವ ಓತಿಯ ಹಿಂದೆ ಹೋಗುತ್ತದೆ, 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ. ಆದರೆ ಕಾಫಿ ಬೆಳೆಯುವ ನೆಲದ ಮಳೆ, ಜಿಗಣೆ, ಜನ ಬೇಕಿದ್ದರೆ ಬೇರೆ ಯಾವ ಪುಸ್ತಕದಲ್ಲೂ ಇಷ್ಟು ಸಿಗದು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲೇ ಶುರುವಾಗುತ್ತದೆ. ಅಲ್ಲಿ ಲೋಟದಲ್ಲೇನಿದೆ ಎನ್ನುವುದಕ್ಕಿಂತ ಮೇಜಿನ ಮುಂದೆ ಕೂತವನ ಮನಸ್ಸಿನಲ್ಲಿ ಏನಿದೆ ಎನ್ನುವುದು ಮುಖ್ಯ.

ಅಂಗಡಿ ತೆರೆಯುವವರಿಗೆ, ತೋಟ ಇರುವವರಿಗೆ

ಎಸ್ಪ್ರೆಸೊ ಯಂತ್ರ ಇಟ್ಟು ಕೆಫೆ ತೆರೆಯುವವರು ಸ್ಕಾಟ್ ರಾವ್ ಅವರ 2008ರ 'ದ ಪ್ರೊಫೆಷನಲ್ ಬರಿಸ್ಟಾಸ್ ಹ್ಯಾಂಡ್‌ಬುಕ್' ನೋಡಬಹುದು. ಬೆಲೆ ಹೆಚ್ಚು, ಪುಟ ಕಡಿಮೆ, ಹಾಲು ನೊರೆಯಾಗಿಸುವುದರಿಂದ ಚಹಾದವರೆಗೆ ಎಲ್ಲ ಗಿರಾಕಿ ಮುಂದೆ ನಿಂತ ವೇಗಕ್ಕೆ ಬರೆದದ್ದು. ಅದೇ ಲೇಖಕರ 2014ರ 'ದ ಕಾಫಿ ರೋಸ್ಟರ್ಸ್ ಕಂಪ್ಯಾನಿಯನ್' ಡ್ರಮ್ ಯಂತ್ರದಲ್ಲಿ ಹುರಿಯುವವರಿಗೆ. ಬಾಣಲೆಯಲ್ಲಿ ಹಸಿ ಕಾಳು ಹುರಿದು ನೋಡುವ ಆಸೆ ಇರುವವರಿಗಲ್ಲ, ಅದರಲ್ಲಿ ಹೇಳುವ ತಾಪದ ಏರಿಳಿತ ಬಾಣಲೆಯಲ್ಲಿ ಅಳೆಯಲು ಆಗುವುದೇ ಇಲ್ಲ. ದರ್ಶಿನಿಯಲ್ಲಿ ಕೌಂಟರ್ ಕಾಫಿ ಕೊಡುವವರಿಗೆ ಎರಡೂ ಬೇಡ.

ತೋಟ ಇರುವವರು ವಿದೇಶಿ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಬಿಳಿ ಕಾಂಡಕೊರಕ, ನೆರಳಿನ ನಿರ್ವಹಣೆ, ಎಸ್.795 ಅಥವಾ ಚಂದ್ರಗಿರಿ ತಳಿಗಳ ಬಗ್ಗೆ ಅವುಗಳಲ್ಲಿ ಇರುವುದು ಅಷ್ಟಕ್ಕಷ್ಟೆ. ಕಾಫಿ ಮಂಡಳಿಯ ಕಚೇರಿ ಬೆಂಗಳೂರಿನ ಅಂಬೇಡ್ಕರ್ ವೀದಿಯಲ್ಲೇ ಇದೆ, ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನ ಬಳಿ; ಅವರ ಪ್ರಕಟಣೆಗಳೇ ನಿಮಗೆ ತಕ್ಕವು.

ಕೊಳ್ಳುವಾಗ

ಅಟ್ಲಾಸನ್ನು ಇ-ಪುಸ್ತಕವಾಗಿ ಕಪ್ಪು ಬಿಳುಪು ರೀಡರಿನಲ್ಲಿ ಓದಬೇಡಿ, ನಕ್ಷೆಗಳ ಬಣ್ಣವೇ ಅದರ ಅರ್ಧ ಬೆಲೆ. ಇತಿಹಾಸದ ಪುಸ್ತಕಗಳಿಗೆ ಆ ತೊಂದರೆ ಇಲ್ಲ. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ಕಳ್ಳ ಮುದ್ರಣದಲ್ಲಿ ಚಿತ್ರಗಳು ಮಸಿಯಾಗಿರುತ್ತವೆ, ಕೆಲವೊಮ್ಮೆ ಪುಟಗಳೇ ಇರುವುದಿಲ್ಲ. ನಡುವಿನ ನಾಲ್ಕೈದು ಹಾಳೆ ತಿರುವಿ ಪುಟಸಂಖ್ಯೆ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಶೀರ್ಷಿಕೆ ಪುಟದ ಹಿಂಬದಿಯ ವರ್ಷ ಓದಿ: 'ಅನ್‌ಕಾಮನ್ ಗ್ರೌಂಡ್ಸ್' 1999ರದ್ದಾದರೂ ನಷ್ಟ ಕಡಿಮೆ, ಹಳೆಯ ಕಾಲದ ಕತೆ ಹೇಗೂ ಬದಲಾಗಿಲ್ಲ. ಅಟ್ಲಾಸ್ 2018ರದೋ ಅದಕ್ಕಿಂತ ಈಚಿನದೋ ಆದರೆ ತೆಗೆದುಕೊಳ್ಳಿ. 2014ರದ್ದು ಅರ್ಧ ಬೆಲೆಗೂ ಕಡಿಮೆಗೆ ಬಂದರೆ ಮಾತ್ರ.